ಮೇಷ್ಟ್ರೇ, ಭೂಮಿ ಉಳಿಸಿ, ಫೋಟೊ ಗ್ರೂಪಿಗೆ ಹಾಕಿ

ಭೂಮಿಯನ್ನು ಉಳಿಸುವ ಹೊಣೆ ಯಾರದು ಎಂಬ ಪ್ರಶ್ನೆ ಕೊನೆಗೂ ಬಗೆಹರಿದಿದೆ. 2021ರ ನವೆಂಬರಿನಲ್ಲಿ ಲೋಕದ ದೊರೆಗಳೆಲ್ಲ ಹವಾಮಾನ ಸಮ್ಮೇಳನಕ್ಕೆಂದು ಗ್ಲಾಸ್ಗೊದಲ್ಲಿ ವಿಮಾನ ಇಳಿದು, ಕೂತು, ಮಾತಾಡಿದರು. ನಮ್ಮ ಪ್ರಧಾನಿ ಅಲ್ಲಿ ‘ಲೈಫ್’, ಅಂದರೆ ಪರಿಸರಕ್ಕಾಗಿ ಜೀವನಶೈಲಿ, ಎಂಬ ಮಂತ್ರ ಹೇಳಿದರು. ಮರುವರ್ಷ ಅಕ್ಟೋಬರಿನಲ್ಲಿ ಗುಜರಾತಿನ ಕೇವಡಿಯಾದಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಎದುರು ಆ ಮಂತ್ರಕ್ಕೆ ‘ಮಿಷನ್’ ಎಂದು ಪಟ್ಟ ಕಟ್ಟಲಾಯಿತು. ಅಲ್ಲಿಂದ ಅದು ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲಾ ಉಪನಿರ್ದೇಶಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ, ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ ವಾಟ್ಸಾಪ್ ಗ್ರೂಪಿಗೆ ಇಳಿಯುತ್ತ ಬಂತು. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರು ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು, ಸಹಿ ಹಾಕಿ, ಕೆಳಗಿನವರ ತಲೆಗೆ ದಾಟಿಸಿದರು. ಒಂದರಿಂದ ಐದನೇ ತರಗತಿವರೆಗಿನ ಕಿರಿಯ ಪ್ರಾಥಮಿಕ ಶಾಲೆಯ ಮೇಡಂ ಫೋನಿಗೆ ಅದು ಬಂದು ಬಿದ್ದಾಗ ಅವರು ಅಡುಗೆಯವರಿಗೆ ಅಕ್ಕಿ ಅಳೆದು ಕೊಡುತ್ತಿದ್ದರು. ಅವರ ಕೆಳಗೆ ದಾಟಿಸಲು ಒಂದನೇ ತರಗತಿಯ ಮಕ್ಕಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಹಾಗಾಗಿ ಭೂಮಂಡಲದ ಭಾರ ಅಲ್ಲೇ ನಿಂತಿತು.

ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು. ಸುಸ್ಥಿರತೆಗೆ ಪ್ರಾಥಮಿಕ ಶಾಲೆಯ ಶಿಕ್ಷಕರೇ ಮುಂದಾಳು, ಅವರಿಗೆ ನಾವೆಲ್ಲ ನೆರವಾಗಬೇಕು. ಇಲಾಖೆ ನೆರವಾಗುತ್ತಿದೆ. ಸ್ವಯಂಸೇವಾ ಸಂಸ್ಥೆಗಳು ನೆರವಾಗುತ್ತಿವೆ. ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಲೇಬೇಕಾದ ಕಂಪನಿಗಳು ಮಾರ್ಚ್ ಹತ್ತಿರವಾದಷ್ಟೂ ಜೋರಾಗಿ ನೆರವಾಗುತ್ತಿವೆ. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿರುವ ಮೂರು ಬಣ್ಣದ ಕಸದ ಬುಟ್ಟಿಗಳು ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತಿವೆ. ಹಸಿ ಕಸ ಹಸಿರಿಗೆ, ಒಣ ಕಸ ನೀಲಿಗೆ, ಅಪಾಯದ್ದು ಕೆಂಪಿಗೆ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಂಜೆ ಮೂರನ್ನೂ ಹೊತ್ತುಕೊಂಡು ಹೋಗಿ ಶಾಲೆಯ ಹಿಂದಿನ ಒಂದೇ ಗುಂಡಿಗೆ ಸುರಿಯುತ್ತಾರೆ. ಬುಟ್ಟಿ ಕೊಡಲು ಬಂದವರು ಗುಂಡಿಯ ತನಕ ಬಂದಿರಲಿಲ್ಲ. ಬುಟ್ಟಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಚಹಾ ಕುಡಿದು, ಲೋಟವನ್ನು ಯಾವ ಬಣ್ಣಕ್ಕೆ ಹಾಕಬೇಕೆಂದು ಹೊಳೆಯದೆ ಕಿಟಕಿಯ ಮೇಲಿಟ್ಟು ಹೋಗಿದ್ದರು.

ನೆರವಿನಲ್ಲಿ ಹಿರಿಯಣ್ಣ ಎಂದರೆ ಕಾರ್ಯಾಗಾರ. ಅದರ ವೈಭವವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ತಾಲ್ಲೂಕು ಕೇಂದ್ರದ ಸಭಾಂಗಣ. ವೇದಿಕೆಯ ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸ್. ಅದರ ಮೇಲೆ ‘ಪ್ಲಾಸ್ಟಿಕ್ ತ್ಯಜಿಸಿ, ಭೂತಾಯಿಯನ್ನು ಉಳಿಸಿ’. ಫ್ಲೆಕ್ಸು, ಬ್ಯಾನರು, ಥರ್ಮೊಕೋಲು ಎಲ್ಲವನ್ನೂ ಸೇರಿಸಿ ಈ ರಾಜ್ಯ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ನಿಷೇಧಿಸಿದೆ ಎಂಬುದನ್ನು ಫ್ಲೆಕ್ಸ್ ಅಂಗಡಿಯವನಿಗೆ ಯಾರೂ ತಿಳಿಸಿದಂತಿಲ್ಲ; ಆದೇಶ ಹೊರಡಿಸಿದವರಿಗೂ ಮತ್ತೊಮ್ಮೆ ತಿಳಿಸಬೇಕಿತ್ತೇನೋ. ಗಣ್ಯರಿಗೆ ಹೂಗುಚ್ಛ, ಅದಕ್ಕೆ ಸುತ್ತಿದ ಸರಬರ ಹಾಳೆ. ಪ್ರತಿ ಶಿಕ್ಷಕರ ಮುಂದೂ ಅರ್ಧ ಲೀಟರಿನ ನೀರಿನ ಬಾಟಲಿ. ಹತ್ತೂವರೆಗೆ ಕಾರ್ಯಕ್ರಮ, ಹನ್ನೊಂದೂವರೆಗೆ ಉದ್ಘಾಟಕರು ಬಂದರು, ಹೊರಗೆ ಅವರ ಕಾರು ಎಸಿ ಆರದಂತೆ ಗುರುಗುಡುತ್ತಲೇ ಇತ್ತು. ದೀಪ ಬೆಳಗಿ, ಕುಂಡದಲ್ಲಿದ್ದ ಗಿಡಕ್ಕೆ ತಂಬಿಗೆಯಿಂದ ನೀರು ಹಾಕಿದರು. ಛಾಯಾಗ್ರಾಹಕ ‘ಸರ್, ಇನ್ನೊಂದ್ಸಲ’ ಎಂದ. ಇನ್ನೊಂದು ಸಲ ಹಾಕಿದರು. ಪತ್ರಿಕೆಯವರು ತಡವಾಗಿ ಬಂದರು. ಮೂರನೇ ಸಲ ಹಾಕಿದರು. ಒಂದು ಜಿಲ್ಲೆಗಾಗುವಷ್ಟು ಮಳೆಯನ್ನು ಆ ಗಿಡ ಒಂದೇ ಮುಂಜಾನೆ ಕಂಡಿತು.

ಆಮೇಲೆ ಸಂಪನ್ಮೂಲ ವ್ಯಕ್ತಿ. ಹಗಲು ಬೆಳಕನ್ನು ಬಳಸಿಕೊಂಡು ವಿದ್ಯುತ್ ಉಳಿಸುವುದು ಹೇಗೆ ಎಂಬ ಸ್ಲೈಡು ಸರಿಯಾಗಿ ಕಾಣಲಿ ಎಂದು ಕಿಟಕಿಗಳ ಪರದೆ ಎಳೆಸಿದರು. ಕತ್ತಲಾಯಿತು. ಟ್ಯೂಬ್‌ಲೈಟ್ ಹಾಕಿಸಿದರು. ‘ನಿಮ್ಮಲ್ಲಿ ಲೀಡರ್ ಯಾರು?’ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಮೂವತ್ತು ವರ್ಷದ ಅನುಭವದಲ್ಲಿ ಮೇಷ್ಟ್ರುಗಳಿಗೆ ಒಂದು ಗೊತ್ತಿದೆ: ಇಂಥಲ್ಲಿ ಕೈ ಎತ್ತಿದವರ ಹೆಸರನ್ನು ಯಾರಾದರೂ ಬರೆದುಕೊಳ್ಳುತ್ತಾರೆ. ‘ನೋಡಿ, ಇದೇ ಸಮಸ್ಯೆ, ನಿಮ್ಮೊಳಗಿನ ಲೀಡರ್ ಮಲಗಿದ್ದಾನೆ’ ಎಂದ ಸಂಪನ್ಮೂಲ ವ್ಯಕ್ತಿ, ಎಬ್ಬಿಸಲು ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಗುಂಪು ಚಟುವಟಿಕೆಗೆ ಚಾರ್ಟು, ಸ್ಕೆಚ್ ಪೆನ್ನು, ಗಮ್ ಟೇಪು ಬಂದವು. ಕಾಗದ ಉಳಿಸುವ ಹತ್ತು ಮಾರ್ಗಗಳನ್ನು ಎಂಟು ಗುಂಪುಗಳು ಎಂಟು ಚಾರ್ಟಿನ ಮೇಲೆ ಬರೆದವು. ಎಂಟರಲ್ಲೂ ಅವೇ ಹತ್ತು.

ಆಗ ಹಿಂದಿನ ಸಾಲಿನ ಒಬ್ಬ ಮೇಡಂ ಎದ್ದು, ‘ಸರ್, ನಮ್ಮ ಶಾಲೆ ಬೋರ್‌ವೆಲ್ ಬತ್ತಿ ಬಹಳ ದಿನ ಆಯ್ತು. ಕೈತೋಟಕ್ಕೆ ನೀರು ಎಲ್ಲಿಂದ ತರೋದು?’ ಎಂದರು. ಸಂಪನ್ಮೂಲ ವ್ಯಕ್ತಿಯ ಮುಖ ಅರಳಿತು. ‘ತುಂಬಾ ಒಳ್ಳೆಯ ಪ್ರಶ್ನೆ! ಇದನ್ನು ಪಾರ್ಕಿಂಗ್ ಲಾಟ್‌ಗೆ ಹಾಕೋಣ’ ಎಂದರು. ಗೋಡೆಯ ಮೇಲೆ ‘ಪಾರ್ಕಿಂಗ್ ಲಾಟ್’ ಎಂಬ ಖಾಲಿ ಚಾರ್ಟು ಅಂಟಿಸಿದ್ದರು. ಉತ್ತರವಿಲ್ಲದ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಅಲ್ಲಿ ಮೆತ್ತಬೇಕು. ಸಂಜೆಯ ಹೊತ್ತಿಗೆ ಆ ಪಾರ್ಕಿಂಗಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಂಪೌಂಡ್ ಇಲ್ಲದೆ ಗಿಡ ಮೇಯುವ ಮೇಕೆಗಳು, ಬಾರದ ಕಸದ ಗಾಡಿ, ನೀರಿಲ್ಲದ ಶೌಚಾಲಯ, ಗುತ್ತಿಗೆದಾರ ಅರ್ಧಕ್ಕೆ ಬಿಟ್ಟ ಮಳೆನೀರಿನ ತೊಟ್ಟಿ, ಎಲ್ಲವೂ ಒತ್ತೊತ್ತಾಗಿ ನಿಂತಿದ್ದವು. ಕೊನೆಗೆ ಹಾಲ್ ಗುಡಿಸಿದವನು ಚಾರ್ಟನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋದ. ಇಡೀ ದಿನದಲ್ಲಿ ಮರುಬಳಕೆಯಾದದ್ದು ಅದೊಂದೇ.

ಅತ್ತ ಆ ಮೇಡಂ ಶಾಲೆಯಲ್ಲಿ ಏನಾಗುತ್ತಿತ್ತು ಎಂದು ಕೇಳಬೇಡಿ. ಅದು ಏಕೋಪಾಧ್ಯಾಯ ಶಾಲೆ. ಕೇಂದ್ರದ್ದೇ ಯುಡೈಸ್ ಅಂಕಿಅಂಶದ ಪ್ರಕಾರ 2024-25ರಲ್ಲಿ ದೇಶದಲ್ಲಿ ಇಂಥ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು. ಇರುವ ಒಬ್ಬರು ಮುಂದಾಳುತನ ಕಲಿಯಲು ಹೋದ ದಿನ ಮಕ್ಕಳನ್ನು ಅಡುಗೆಯವರು ನೋಡಿಕೊಳ್ಳುತ್ತಾರೆ. ಒಂದು ಲೆಕ್ಕದಲ್ಲಿ ಸುಸ್ಥಿರತೆಯ ನಿಜವಾದ ತರಗತಿ ಅವತ್ತೇ ನಡೆಯುವುದು: ತೊಗರಿಬೇಳೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲುವುದು ಹೇಗೆಂದು ಆ ಅಡುಗೆಯಾಕೆಗೆ ಯಾರೂ ಸ್ಲೈಡ್ ತೋರಿಸಿಲ್ಲ.

ಮಿಷನ್ನಿನ ಕಾಗದದಲ್ಲಿ ಏಳು ವಿಷಯ, 75 ಕ್ರಿಯೆಗಳ ಪಟ್ಟಿಯಿದೆ. ಅದನ್ನು ಹಿಡಿದುಕೊಂಡು ಇಂಥ ಒಂದು ಕೋಣೆಯ ಶಾಲೆಗೆ ಹೋಗಿ ನೋಡಿ, ಲೋಕಕ್ಕೇ ಮೊದಲ ರ‍್ಯಾಂಕು. ಎಸಿಯನ್ನು 24 ಡಿಗ್ರಿಗೆ ಇಡಿ ಎನ್ನುತ್ತದೆ ಪಟ್ಟಿ. ಇಲ್ಲಿ ಫ್ಯಾನೇ ಮೂರು ರೆಕ್ಕೆಯಲ್ಲಿ ಎರಡನ್ನು ಉಳಿಸಿಕೊಂಡು ತಿರುಗುತ್ತಿದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಎನ್ನುತ್ತದೆ. ಇಲ್ಲಿರುವುದೇ ಎರಡು ಮೆಟ್ಟಿಲು, ಅದರಲ್ಲೊಂದು ಕಿತ್ತುಹೋಗಿದೆ. ಕೆಂಪು ದೀಪದಲ್ಲಿ ಎಂಜಿನ್ ಆರಿಸಿ ಎನ್ನುತ್ತದೆ. ಊರಿನಲ್ಲಿ ಕೆಂಪು ದೀಪ ಎಂದರೆ ಮಾರಮ್ಮನ ಗುಡಿಯ ಬಲ್ಬು, ಅದರ ಮುಂದೆ ಎಲ್ಲರೂ ಗಾಡಿ ನಿಲ್ಲಿಸಿ ಕೈ ಮುಗಿದೇ ಹೋಗುವುದು. ಹತ್ತಿರದ ದಾರಿಗೆ ಸೈಕಲ್ ಬಳಸಿ ಎನ್ನುತ್ತದೆ. ಮಕ್ಕಳು ನಡೆದೇ ಬರುತ್ತಾರೆ, ದೂರದ ದಾರಿಗೂ. ಒಂದು ಬದಿ ಬರೆದ ಹಾಳೆಯ ಇನ್ನೊಂದು ಬದಿಯಲ್ಲಿ ಕಿರುಪರೀಕ್ಷೆ. ಅಕ್ಕಿ ಬಂದ ಗೋಣಿಚೀಲವೇ ಕೂರುವ ಚಾಪೆ. ಊಟಕ್ಕೆ ಸ್ಟೀಲಿನ ತಟ್ಟೆ, ಅದನ್ನು ತೊಳೆದ ನೀರು ಕಾಲುವೆ ಹಿಡಿದು ಬಾಳೆಗೆ. ಸ್ಲೇಟು, ಬಳಪ. ಇಷ್ಟೆಲ್ಲ ಇದ್ದೂ ಈ ಶಾಲೆಗೆ ‘ಹಿಂದುಳಿದ’ ಎಂದು ಹೆಸರು.

ಮುಂದುವರಿದ ಶಾಲೆ ಹೆದ್ದಾರಿಯಲ್ಲಿದೆ. ನಲವತ್ತು ಹಳದಿ ಬಸ್ಸುಗಳು ಅದರದು. ಪರಿಸರ ದಿನದಂದು ಮಕ್ಕಳೆಲ್ಲ ಹಸಿರು ಟೀ-ಶರ್ಟ್‌ನಲ್ಲಿ ಬರಬೇಕು ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಇದ್ದ ಬಟ್ಟೆ ಆಗುವುದಿಲ್ಲ, ಶಾಲೆಯ ಅಂಗಡಿಯಲ್ಲೇ ಕೊಳ್ಳಬೇಕು. ಮರುಬಳಕೆ ವಿಷಯದ ಪ್ರಾಜೆಕ್ಟಿಗೆ ಬೇಕು ಎಂದು ಅಪ್ಪಂದಿರು ರಾತ್ರಿ ಒಂಬತ್ತಕ್ಕೆ ಅಂಗಡಿಗೆ ಓಡಿ, ಹೊಸ ಪ್ಲಾಸ್ಟಿಕ್ ಬಾಟಲಿ ಕೊಂಡು, ನೀರನ್ನು ಸಿಂಕಿಗೆ ಸುರಿದು, ಅದರಲ್ಲಿ ಮನಿಪ್ಲಾಂಟ್ ನೆಡುತ್ತಾರೆ. ‘ಹಸಿರು ಆವರಣ’ದ ಫಲಕ ಸಿಗುವುದು ಇಂಥವರಿಗೆ. ಅರ್ಜಿ ತುಂಬಲು ಅವರಲ್ಲಿ ಪ್ರತ್ಯೇಕ ಮೇಡಂ ಒಬ್ಬರಿದ್ದಾರೆ.

ಈಗ ಗಿಡದ ವಿಷಯ. ನಮ್ಮ ಶಾಲೆಗಳು ತೆರೆಯುವುದು ಮೇ ಕೊನೆಗೆ. ಪುಸ್ತಕ ಬಂದಿರುತ್ತದೋ ಇಲ್ಲವೋ, ಜೂನ್ 5 ಮಾತ್ರ ಬಂದೇ ಬರುತ್ತದೆ. ರಾಯಚೂರು, ಕಲಬುರಗಿ ಕಡೆ ಆ ಹೊತ್ತಿಗೆ ಸಾಮಾನ್ಯವಾಗಿ ಮುಂಗಾರು ತಲುಪಿರುವುದೇ ಇಲ್ಲ, ನೆಲ ಕಾದ ಹಂಚು. ಇರಲಿ, ಆದೇಶಕ್ಕೆ ಹವಾಮಾನವಿಲ್ಲ. 2024ರ ಜೂನ್ 5ರಿಂದ ‘ತಾಯಿಯ ಹೆಸರಿನಲ್ಲಿ ಒಂದು ಮರ’ ಬೇರೆ ಸೇರಿಕೊಂಡಿದೆ. ಮಗು, ತಾಯಿ, ಸಸಿ ಮೂವರೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ಅದನ್ನು ಪೋರ್ಟಲ್ಲಿಗೆ ಏರಿಸಬೇಕು, ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ತಾಯಿ ಕೂಲಿ ಬಿಟ್ಟು ಬಂದರೆ ಅರ್ಧ ದಿನದ ದುಡ್ಡು ಹೋಯಿತು. ಬರದಿದ್ದರೆ ಅಡುಗೆಯವರೇ ಹತ್ತು ಮಕ್ಕಳ ತಾಯಿಯಾಗಿ ಹತ್ತು ಫೋಟೊದಲ್ಲಿ ನಿಲ್ಲುತ್ತಾರೆ. ಪೋರ್ಟಲ್ ಸಸಿಯ ಬೇರು ಕೇಳುವುದಿಲ್ಲ, ಫೈಲಿನ ಗಾತ್ರ ಕೇಳುತ್ತದೆ.

ಮಳೆಗಾಲದಲ್ಲಿ ಸಸಿ ಬದುಕುತ್ತದೆ, ಚಳಿಗಾಲ ದಾಟುತ್ತದೆ. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ. ಮೇ ಕೊನೆಯವರೆಗೆ, ವರ್ಷದ ಕಡುಬಿಸಿಲಿನ ಆರೇಳು ವಾರ, ಅದಕ್ಕೆ ನೀರು ಹಾಕುವವರು ಯಾರು? ಪ್ರಾಥಮಿಕ ಶಾಲೆಯಲ್ಲಿ ಜವಾನನಿಲ್ಲ, ಮಾಲಿಯ ಮಾತೇ ಬೇಡ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಪರಿಸರ ಸಂಘಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5 ಸಾವಿರದವರೆಗೆ ಕೊಡಬಹುದು, ಹಿರಿಯ ಪ್ರಾಥಮಿಕಕ್ಕೆ 15 ಸಾವಿರದವರೆಗೆ. ಆ 5 ಸಾವಿರವನ್ನು ರಜೆಯ 50 ದಿನಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿ. ಊರಿನ ಒಬ್ಬ ಅಜ್ಜ ಬೆಳಗ್ಗೆ ಸಂಜೆ ಎರಡೆರಡು ಕೊಡ ನೀರು ಹಾಕಿ, ಕಡ್ಡಿ ಬೇಲಿ ಸರಿ ಮಾಡಿ, ಮೇಕೆ ಓಡಿಸಿಕೊಂಡು ಇರುತ್ತಿದ್ದ. ಐದು ವರ್ಷ ಹೀಗೆ ಮಾಡಿದ್ದರೆ ಶಾಲೆಗೆ ನೆರಳು ಬರುತ್ತಿತ್ತು. ಆದರೆ ಹಣ ಬರುವುದು ವರ್ಷದ ಕೊನೆಗೆ, ಖರ್ಚಾಗಬೇಕಾದದ್ದು ಮಾರ್ಚ್ 31ರ ಒಳಗೆ, ರಜೆ ಶುರುವಾಗುವುದು ಏಪ್ರಿಲಿನಲ್ಲಿ. ಅಜ್ಜನಿಗೆ ಜಿಎಸ್‌ಟಿ ಬಿಲ್ ಕೊಡಲು ಬರುವುದಿಲ್ಲ. ಫ್ಲೆಕ್ಸ್ ಅಂಗಡಿಯವನಿಗೆ ಬರುತ್ತದೆ. ಹಾಗಾಗಿ ಪರಿಸರದ ದುಡ್ಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಜೂನಿನಲ್ಲಿ ಮತ್ತೆ ಅದೇ ಗುಂಡಿ, ಹೊಸ ಸಸಿ, ಹೊಸ ತಾಯಿ.

ಇನ್ನೊಂದು ಲೆಕ್ಕ. ಮಕ್ಕಳು ಮೂವತ್ತರ ಒಳಗಿದ್ದರೆ ಶಾಲೆಯ ಸಂಯುಕ್ತ ಅನುದಾನ ವರ್ಷಕ್ಕೆ 10 ಸಾವಿರ. ಸೀಮೆಸುಣ್ಣ, ರಿಪೇರಿ, ಪತ್ರಿಕೆ ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಹತ್ತರಲ್ಲೊಂದು ಪಾಲನ್ನು ಸ್ವಚ್ಛತೆಗೆ ಇಡಿ ಎಂಬುದು ನಿಯಮ. ಅಂದರೆ ಸಾವಿರ ರೂಪಾಯಿ, ತಿಂಗಳಿಗೆ 83. ಒಂದು ಫಿನಾಯಿಲ್ ಬಾಟಲಿ ಕೊಂಡು ಚಿಲ್ಲರೆ ಉಳಿಸಿ ಗ್ರಹವನ್ನು ಕಾಪಾಡಬೇಕು.

ಕಾನೂನಿನ ಬೆಂಬಲ ಇಲ್ಲವೆನ್ನುವಂತಿಲ್ಲ. ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಕಲಿಸುತ್ತಿದ್ದೇವೆ. ‘ಪ್ಲಾಸ್ಟಿಕ್ ಸುಡಬಾರದು, ಸುಟ್ಟರೆ ವಿಷದ ಹೊಗೆ ಬರುತ್ತದೆ’ ಎಂಬ ಸಾಲನ್ನು ಮಕ್ಕಳು ಮೂರು ಸಲ ಬರೆದರು. ಹಾಲಿನ ಪುಡಿಯ ಖಾಲಿ ಪೊಟ್ಟಣಗಳು, ರಾಗಿ ಮಾಲ್ಟಿನ ಪೊಟ್ಟಣಗಳು ಅಡುಗೆಕೋಣೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪಂಚಾಯಿತಿ ಗಾಡಿ ಬಂದಿರಲಿಲ್ಲ, ಮರುದಿನ ತಪಾಸಣೆ ಇತ್ತು. ಮೇಷ್ಟ್ರು ಸಂಜೆ ಹಿತ್ತಲಿಗೆ ಒಯ್ದು ಬೆಂಕಿ ಕೊಟ್ಟರು. ನಾಲ್ಕನೇ ತರಗತಿಯ ಹುಡುಗಿ ಚೀಲ ಮರೆತು ವಾಪಸು ಬಂದವಳು ನಿಂತು ನೋಡಿ, ‘ಸಾ, ಇದು ಪರೀಕ್ಷೆಗೆ ಬರತ್ತಾ?’ ಎಂದಳು. ಈ ಮೂವತ್ತು ಚಿಲ್ಲರೆ ವರ್ಷಗಳ ಪರಿಸರ ಶಿಕ್ಷಣದ ಬಗ್ಗೆ ಇದಕ್ಕಿಂತ ಚೊಕ್ಕ ಮೌಲ್ಯಮಾಪನ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಕಿ ಹಚ್ಚಿದ್ದು ಮೇಷ್ಟ್ರು, ನಿಜ. ಪೊಟ್ಟಣದಲ್ಲಿ ಪುಡಿ ಕಳಿಸಿದವರು ಪೊಟ್ಟಣವನ್ನು ವಾಪಸು ಒಯ್ಯುವುದು ಯಾವ ನೆರವಿನ ಪಟ್ಟಿಯಲ್ಲೂ ಇಲ್ಲ.

ಮುಂದಾಳಾಗಲು ಮೇಷ್ಟ್ರಿಗೆ ಪುರುಸೊತ್ತಾದರೂ ಎಲ್ಲಿದೆ? ಬೆಳಗ್ಗೆ ಹಾಲು ಕುಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಕೇಳಿದವರೆಷ್ಟು ಎಂಬ ಲೆಕ್ಕ. ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಹಾಜರಾತಿ. ಗ್ರೂಪಿನಲ್ಲಿ ‘ಅತಿ ತುರ್ತು, ಇಂದೇ ಸಂಜೆ 4ರೊಳಗೆ, ತಪ್ಪಿದಲ್ಲಿ ಮುಖ್ಯ ಶಿಕ್ಷಕರೇ ನೇರ ಹೊಣೆ’. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ. 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಅವರೇ ಮನೆ ಮನೆ ತಿರುಗಿದರು. ಮುಗಿಯದಿದ್ದಾಗ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದವರಿಗೆ ಪ್ರಕೃತಿಯ ಒಡನಾಟವಂತೂ ಆಯಿತು. ಅದನ್ನೂ ಪರಿಸರ ಸಂಘದ ವರದಿಯಲ್ಲಿ ತೋರಿಸಬಹುದಿತ್ತು.

ಹಾಗಾದರೆ ಮೇಷ್ಟ್ರುಗಳು ಎಂದೂ ಮುಂದಾಳಾಗಿಲ್ಲವೇ ಎಂದರೆ, ಆಗಿದ್ದಾರೆ. ಯಾರೂ ಚಪ್ಪಾಳೆ ತಟ್ಟಿಸದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ಬೆನ್ನಿಗಿತ್ತು. ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಕೂತು ತಾವೇ ಕಾರ್ಡು ಬರೆದರು, ಹಾಡು ಕಟ್ಟಿದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. ಒಂದು ತಾಲ್ಲೂಕಿನ ಮೇಷ್ಟ್ರುಗಳ ಮಾತನ್ನು ಕೇಳಲು ಆಗ ಅಧಿಕಾರಿಗಳಿಗೆ ತಾಳ್ಮೆಯಿತ್ತು. ಆ ಕಾಲಕ್ಕೆ ವಾಟ್ಸಾಪ್ ಇಲ್ಲದ್ದೂ ಒಂದು ಕಾರಣವಿರಬಹುದು. ಆಮೇಲೆ, 2009-10ರಲ್ಲಿ, ಒಳ್ಳೆಯದಾಗಿದೆ ಎಂದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೂ ಹಬ್ಬಿಸಿದರು. ಕಾರ್ಡು ಬರೆಯುವ ಕೆಲಸ ಮೇಷ್ಟ್ರ ಕೈಬಿಟ್ಟು ಮುದ್ರಣವಾಗಿ ಬರತೊಡಗಿತು, ಜೊತೆಗೆ ಭರ್ತಿ ಮಾಡುವ ನಮೂನೆಗಳೂ ಬಂದವು. ಹೆಗ್ಗಡದೇವನಕೋಟೆಯವರು ಕಂಡುಕೊಂಡದ್ದನ್ನು ಉಳಿದ ಮೇಷ್ಟ್ರುಗಳು ಪಾಲಿಸಬೇಕಾಯಿತು. ಸುಸ್ಥಿರತೆಗೂ ಈಗ ಮಾಡಹೊರಟಿರುವುದು ಇದನ್ನೇ, ಮೊದಲ ಅಧ್ಯಾಯವನ್ನು ಹಾರಿಸಿ ನೇರ ಎರಡನೆಯದಕ್ಕೆ.

ನೆರವಾಗುವವರಿಗೆ ಬೇಜಾರಾಗಬಾರದು. ಆದ್ದರಿಂದ ಅವರದೇ ಭಾಷೆಯಲ್ಲಿ, ಅವರದೇ ಧಾಟಿಯಲ್ಲಿ ಮೇಷ್ಟ್ರುಗಳ ಪರವಾಗಿ ಒಂದು ಸುತ್ತೋಲೆಯ ಕರಡು ಸಿದ್ಧಪಡಿಸಿದ್ದೇನೆ. ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಯ ಮುದ್ರೆ ಬಿದ್ದರೆ ಸಾಕು, ಕೆಳಗಿನಿಂದ ಮೇಲಕ್ಕೆ ಹೊರಡಬಹುದು.

‘ಅತಿ ತುರ್ತು. ವಿಷಯ: ತಮ್ಮ ಕಚೇರಿಯನ್ನು ಸುಸ್ಥಿರಗೊಳಿಸಲು ತಮಗೆ ನೆರವಾಗುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಭೂಮಿಯನ್ನು ಉಳಿಸುವಲ್ಲಿ ಕಚೇರಿಗಳ ಪಾತ್ರ ಮಹತ್ವದ್ದಾಗಿರುವುದರಿಂದ, ಕೂಡಲೇ ತಮ್ಮಲ್ಲಿ ಪರಿಸರ ಸಂಘ ರಚಿಸಿ, ತಾವೇ ಸ್ವತಃ ಮುಂದಾಳಾಗತಕ್ಕದ್ದು. ಕಳೆದ ಐದು ವರ್ಷಗಳಲ್ಲಿ ತಾವು ನೆಟ್ಟ ಗಿಡಗಳ ಇಂದಿನ ಫೋಟೊವನ್ನು, ತಮ್ಮ ತಾಯಿಯವರೊಂದಿಗೆ, ನಮ್ಮ ಶಾಲಾಭಿವೃದ್ಧಿ ಸಮಿತಿಯ ಗ್ರೂಪಿಗೆ ಇಂದೇ ಸಂಜೆ 4ರೊಳಗೆ ಹಾಕತಕ್ಕದ್ದು. ನಿಂತ ಕಾರಿನಲ್ಲಿ ಎಸಿ ಚಾಲನೆಯಲ್ಲಿದ್ದ ಅವಧಿಯನ್ನು ಲಗತ್ತಿಸಿದ ನಮೂನೆಯಲ್ಲಿ ತುಂಬಿ, ದೃಢೀಕರಿಸಿ ಸಲ್ಲಿಸತಕ್ಕದ್ದು. ಬೋರ್‌ವೆಲ್, ಕಾಂಪೌಂಡ್ ಹಾಗೂ ಖಾಲಿ ಪೊಟ್ಟಣಗಳ ಬಗ್ಗೆ ನಾವು ಬರೆದಿರುವ ಪತ್ರಗಳ ವಿಚಾರವನ್ನು ತಮ್ಮ ಗೋಡೆಯ ಪಾರ್ಕಿಂಗ್ ಲಾಟ್‌ನಿಂದ ತೆಗೆದು ಮೇಜಿನ ಮೇಲೆ ಇಡತಕ್ಕದ್ದು. ಈ ಸಂಬಂಧ ತಮಗೆ ಒಂದು ದಿನದ ತರಬೇತಿಯನ್ನು ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಏರ್ಪಡಿಸಿದ್ದು, ಅಡುಗೆಯವರು ಸಂಪನ್ಮೂಲ ವ್ಯಕ್ತಿಯಾಗಿರುತ್ತಾರೆ. ಟಿಎ, ಡಿಎ ಇರುವುದಿಲ್ಲ. ತಟ್ಟೆ ತಾವೇ ತೊಳೆಯತಕ್ಕದ್ದು. ಪ್ರಗತಿ ಪರಿಶೀಲನೆಗೆ ನಾಲ್ಕನೇ ತರಗತಿಯ ಮಕ್ಕಳು ಮುನ್ಸೂಚನೆಯಿಲ್ಲದೆ ತಮ್ಮ ಕಚೇರಿಗೆ ಬರಲಿದ್ದು, ಅವರಿಗೆ ಹೂಗುಚ್ಛ, ಶಾಲು, ಬಿಸ್ಕತ್ತು ಬೇಡ. ನೀರಿನ ಬಾಟಲಿ ಅವರೇ ತರುತ್ತಾರೆ.’